ಡಿಸೆಬಿಲಿಟಿ ಮ್ಯಾಲ ಪಿಜಿ ಮಾಡಿದ್ರ ಮುಂದೇನು?

ಪ್ರಶ್ನೆ: ಅಕ್ಕಾ, ನಮಸ್ಕಾರ ರೀ. ನಾನು ಬಿಎ, ಬಿಎಡ್ ಮುಗಿಸಿ ಊರ ಸಾಲಿಯೊಳಗ ಗೆಸ್ಟ್ ಟೀಚರ್ ಅದೀನಿ. ನನ್ನ ತಮ್ಮಗ ಹುಟ್ಟಿನಿಂದ ಕಿವಿ ಕೇಳಂಗಿಲ್ಲ, ಏಳನೇತ್ತದ ತನಕ ಹಿಂದಿನ ಬೆಂಚಿನ್ಯಾಗ ಕುಂದ್ರಿಸಿ ಪಾಸ್ ಮಾಡಿದ್ರು, ಎಂಟಕ್ಕ ಸಾಲಿ ಬಿಟ್ಟ. ಅದಕ್ಕ ನಾನು ಡಿಸೆಬಿಲಿಟಿ, ಇನ್‌ಕ್ಲೂಷನ್ ಮ್ಯಾಲನ ಪಿಜಿ ಮಾಡ್ಬೇಕಂತೀನಿ. ಮನ್ಯಾಗ "ಅದಕ್ಕ ಯಾರ್ ನೌಕರಿ ಕೊಡ್ತಾರ, ಸುಮ್ನ ಟಿಇಟಿ ಓದು" ಅಂತಾರ. ಏನ್ ಮಾಡ್ಲಿ?
– ಓದುಗರು, ಕುಷ್ಟಗಿ

ಉತ್ತರ: ತಂಗಿ, ಇದ್ರಾಗ ಎರಡು ದಾರಿ ಅದಾವು, ದೂರದಿಂದ ನೋಡಿದ್ರ ಒಂದ ಅನ್ನಸ್ತಾವು, ಆದ್ರ ಫೀಸು ಕಟ್ಟಿದ ಮ್ಯಾಲ ಗೊತ್ತಾದ್ರ ಬಾಳ ತ್ರಾಸ.

ಒಂದು ಸ್ಪೆಷಲ್ ಎಜುಕೇಷನ್, ಅಂದ್ರ ಕ್ಲಾಸಿನ್ಯಾಗ ಮಕ್ಕಳ ಜೊತಿ ಕುಂತು ಕಲಿಸೋದು. ಇದಕ್ಕ ಆರ್‌ಸಿಐ, ಅದ ಭಾರತೀಯ ಪುನರ್ವಸತಿ ಪರಿಷತ್ತು, ಅದ್ರ ಮಾನ್ಯತೆ ಇರೋ ಕೋರ್ಸ ಬೇಕು, ಮುಗಿಸಿ ಅಲ್ಲೇ ಹೆಸರು ನೋಂದಾಯಿಸ್ಬೇಕು. ನಿಂದು ಜನರಲ್ ಬಿಎಡ್ ಇದ್ರ ಸೀದಾ ಸ್ಪೆಷಲ್ ಎಂಎಡ್‌ಗೆ ತಗೊಳಂಗಿಲ್ಲ, ಸ್ಪೆಷಲ್ ಬಿಎಡ್ ಆಗಿರ್ಬೇಕು, ಇಲ್ಲಾ ಜನರಲ್ ಬಿಎಡ್ ಜೊತಿ ಆರ್‌ಸಿಐ ಒಪ್ಪಿದ ಡಿಪ್ಲೊಮಾ ಇರ್ಬೇಕು. ಕಿವಿ ಕೇಳದ ಮಕ್ಕಳಿಗೆ ಕಲಿಸೋ ಸ್ಪೆಷಲ್ ಬಿಎಡ್, ಎಂಎಡ್ ಎರಡೂ ಮೈಸೂರಿನ ಆಯಿಷ್, ಅಂದ್ರ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೊಳಗ ಅದಾವು.

ಇನ್ನೊಂದು, ಕಾನೂನು, ಯೋಜನೆ, ಸಮಾಜ ಇವನ್ನ ಓದೋದು. ಮುಂಬೈನ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ಡಿಸೆಬಿಲಿಟಿ ವಿಷಯಕ್ಕಂತನ ಸೋಷಿಯಲ್ ವರ್ಕ್ ಎಂಎ ನಡಿಸ್ಕೊಂಡು ಬಂದೈತಿ. ಅಷ್ಟು ದೂರ ಆಗಂಗಿಲ್ಲ ಅಂದ್ರ ಬಳ್ಳಾರಿ ಶ್ರೀಕೃಷ್ಣದೇವರಾಯ ವಿವಿಯೊಳಗ ಎಂಎಸ್‌ಡಬ್ಲ್ಯೂ (ಸೋಷಿಯಲ್ ವರ್ಕ್ ಪಿಜಿ) ಮಾಡಿ ಫೀಲ್ಡ್ ವರ್ಕು, ಡಿಸರ್ಟೇಶನ್ ಎರಡನ್ನೂ ಇದೇ ವಿಷಯಕ್ಕ ತಗೋಬಹುದು. ನಮ್ಮ ಕಡೆ ಜನ ಬೆಂಗಳೂರು, ಗೋವಾಕ್ಕ ಗುಳೆ ಹೋದಾಗ ನಡಿಲಿಕ್ಕಾಗದ ಕೂಸನ್ನ ಅಜ್ಜಿ ಹತ್ರ ಬಿಟ್ಟು ಹೋಗ್ತಾರಲ್ಲ, ಆ ಕೂಸಿನ ಸಾಲಿ, ಪೆನ್ಷನ್ನು, ಸರ್ಟಿಫಿಕೇಟು ಯಾರ್ ನೋಡ್ತಾರ ಅನ್ನೋದ ಒಂದು ದೊಡ್ಡ ವಿಷಯ ನೋಡು.

ನನ್ನ ಕೇಳಿದ್ರ ನೀ ಮೊದ್ಲು ಸ್ಪೆಷಲ್ ಬಿಎಡ್ ಮಾಡು. ಯಾಕಂದ್ರ ಸಾಲಿಯೊಳಗ ಸೋಲು ಬಾಳ ಸಣ್ಣ ಜಾಗದಾಗ ಆಗ್ತೈತಿ. ಕೂಸಿಗೆ ಹಿಯರಿಂಗ್ ಏಡ್ ಬಂದಿರ್ತೈತಿ, ಕೂಸು ಬೆಳೆದಂಗ ಕಿವಿನೂ ಬೆಳೀತಾವು, ಮಷಿನ್ನಿನ ಹಳೇ ಇಯರ್ ಮೋಲ್ಡ್, ಅಂದ್ರ ಕಿವಿ ಅಳತಿಗೆ ಮಾಡಿದ ಅಚ್ಚು, ಸಡಿಲಾಗಿ ಮಷಿನ್ ಕುಂಯ್ ಅಂತ ಸಿಳ್ಳು ಹೊಡೀತೈತಿ, ಮಾಸ್ತರು "ತಗದಿಡು ಅದನ್ನ" ಅಂತಾರ, ಅದು ಡಬ್ಬಿ ಸೇರ್ತೈತಿ, ಕೂಸು ಹಿಂದಿನ ಬೆಂಚು ಸೇರ್ತೈತಿ. ಮೋಲ್ಡ್ ಒಂದು ಬದಲಿಸ್ಬೇಕಿತ್ತು ಅಷ್ಟ. ಅದನ್ನ ಗುರ್ತು ಹಿಡಿಯೋರು ನಮ್ಮ ಸಾಲಿಗಳಿಗೆ ಬೇಕಾಗ್ಯಾರ.

ನೌಕರಿ ವಿಷಯ ಮನ್ಯಾಗ ಹಿಂಗ ಹೇಳು: 2021ರೊಳಗ ಸುಪ್ರೀಂ ಕೋರ್ಟು ಪ್ರೈಮರಿಯೊಳಗ ಇಂಥ 10 ಮಕ್ಕಳಿಗೊಬ್ರು, ಮ್ಯಾಲಿನ ಕ್ಲಾಸಿನ್ಯಾಗ 15 ಮಕ್ಕಳಿಗೊಬ್ರು ಸ್ಪೆಷಲ್ ಟೀಚರ್ ಇರ್ಬೇಕಂತ ಹೇಳೈತಿ, 2025ರೊಳಗ ಹುದ್ದೆ ಗೊತ್ತು ಮಾಡಿ ಅಂತ ರಾಜ್ಯಗಳಿಗೆ ಮತ್ತ ಆದೇಶ ಮಾಡೈತಿ. ನೇಮಕಾತಿ ನಾಳೇನ ಬರ್ತೈತಿ ಅಂತ ನಾ ಭರವಸೆ ಕೊಡಂಗಿಲ್ಲ, ಟಿಇಟಿನೂ ಬರೀತಿರು. ಪಂಚಾಯ್ತಿಯೊಳಗ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲೂಕಿನ್ಯಾಗ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅಂತ ಇರ್ತಾರ, ಅವು ಗೌರವಧನದ ಕೆಲಸ, ಖಾಯಂ ನೌಕರಿ ಅನ್ಕೋಬ್ಯಾಡ. ಆದ್ರ ನಿಮ್ಮ ಪಂಚಾಯ್ತಿ ವಿಆರ್‌ಡಬ್ಲ್ಯೂ ಜೊತಿ ಒಂದಿಷ್ಟು ಮನಿ ತಿರುಗು, ಅಡ್ಮಿಷನ್‌ಗಿಂತ ಮೊದ್ಲ.

ಮತ್ತ ತಮ್ಮನ ಓದು ಅಲ್ಲಿಗೇ ನಿಲ್ಲಿಸ್ಬ್ಯಾಡವ್ವ. ಎನ್‌ಐಒಎಸ್ ಓಪನ್ ಸ್ಕೂಲಿನ್ಯಾಗ ಹತ್ತನೇತ್ತ ಕಟ್ಟಬಹುದು, ಅಲ್ಲಿ ಭಾರತೀಯ ಸನ್ನೆ ಭಾಷಾನೂ ಒಂದು ಸಬ್ಜೆಕ್ಟ್ ಐತಿ.

ಪ್ರಶ್ನೆ: ನನಗ ದೃಷ್ಟಿ ಕಮ್ಮಿ ಐತ್ರಿ, ಡಿಗ್ರಿ ಕಡೇ ವರ್ಷ. ಪಿಜಿ ಸೀಟಿನ್ಯಾಗ ನಮಗೇನರ ಮೀಸಲಾತಿ ಐತೇನ್ರಿ?
– ಓದುಗರು, ಸಿಂಧನೂರು

ಉತ್ತರ: ಐತಿ ತಮ್ಮಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ, ಅನುದಾನಿತ ಕಾಲೇಜಿನ್ಯಾಗ ಕಮ್ಮಿ ಅಂದ್ರೂ 5% ಸೀಟು, ವಯಸ್ಸಿನ್ಯಾಗ 5 ವರ್ಷ ಸಡಿಲ. ಸರ್ಟಿಫಿಕೇಟಿನ್ಯಾಗ ಅಂಗವೈಕಲ್ಯ 40% ಇಲ್ಲಾ ಅದಕ್ಕಿಂತ ಜಾಸ್ತಿ ಇರ್ಬೇಕು. ಯುಡಿಐಡಿ ಕಾರ್ಡು, ಅಂದ್ರ ಅಂಗವಿಕಲರ ಗುರುತಿನ ಕಾರ್ಡು, ಇಲ್ಲಂದ್ರ ಈಗ್ಲೇ ಅರ್ಜಿ ಹಾಕು, ಅಡ್ಮಿಷನ್ ಟೈಮಿಗೆ ಓಡಾಡಿದ್ರ ಸೀಟು ತಪ್ತೈತಿ. ಪರೀಕ್ಷೆಗೆ ಸ್ಕ್ರೈಬ್ (ನೀ ಹೇಳಿದ್ದನ್ನ ಬರಿಯೋರು) ಕೇಳೋದು ನಿನ್ನ ಹಕ್ಕು, ತಾಸಿಗೆ 20 ನಿಮಿಷ ಹೆಚ್ಚಿಗಿನೂ ಸಿಗ್ತೈತಿ, ಅರ್ಜಿಯೊಳಗ ಆ ಕಾಲಂ ಖಾಲಿ ಬಿಡಬ್ಯಾಡ.