ಅಮೆರಿಕದ ಪಾಪ್ ಗಾಯಕ ಪ್ರಿನ್ಸ್ ಸಾವಿನ ಕೇಸನ್ನು ಪೊಲೀಸರು ಮುಚ್ಚಿಹಾಕಿದರಾ? ಮಾತ್ರೆ ಕೊಟ್ಟವರು ಯಾಕೆ ಸಿಗಲಿಲ್ಲ?

ಮುಚ್ಚಿಹಾಕಲಿಲ್ಲ. ಆದರೆ ನೀವು ಯಾಕೆ ಹಾಗೆ ಕೇಳುತ್ತಿದ್ದೀರಿ ಅಂತ ಗೊತ್ತು. ಒಂದು ಕಾಲದಲ್ಲಿ ನಾನೂ ಇದೇ ಹುಚ್ಚು ಹಚ್ಚಿಕೊಂಡಿದ್ದೆ.

ಆಗ ನಾವು ಅಮೆರಿಕದ ಮಿನ್ನೆಸೋಟಾದಲ್ಲಿ, ಈಡನ್ ಪ್ರೇರಿ ಅನ್ನುವ ಊರಿನಲ್ಲಿದ್ದೆವು. ಪಕ್ಕದ ಚಾನ್‌ಹ್ಯಾಸನ್‌ನಲ್ಲೇ ಪ್ರಿನ್ಸ್ ಅವರ ಪೇಸ್ಲಿ ಪಾರ್ಕ್. ಮನೆಯೂ ಅದೇ, ಸ್ಟುಡಿಯೋನೂ ಅದೇ. 2016ರ ಏಪ್ರಿಲ್ 21ರ ಬೆಳಿಗ್ಗೆ ಅಲ್ಲಿನ ಲಿಫ್ಟ್‌ನಲ್ಲಿ ಅವರು ಬಿದ್ದಿದ್ದರು. ಉಸಿರು ಹೋಗಿತ್ತು. 57 ವರ್ಷ. ಫೆಂಟನಿಲ್ ಅನ್ನುವ ಅತಿ ಪ್ರಬಲ ನೋವಿನ ಔಷಧಿ ಜಾಸ್ತಿಯಾಗಿ ಸತ್ತರು ಅಂತ ಜೂನ್‌ನಲ್ಲಿ ವರದಿ ಬಂತು. ಎರಡು ವರ್ಷ ತನಿಖೆ ನಡೆಯಿತು. 2018ರ ಏಪ್ರಿಲ್ 19ರಂದು ಕಾರ್ವರ್ ಕೌಂಟಿಯ ಸರ್ಕಾರಿ ವಕೀಲ ಮಾರ್ಕ್ ಮೆಟ್ಜ್ ಮೈಕ್ ಮುಂದೆ ನಿಂತು, ಯಾರ ಮೇಲೂ ಕ್ರಿಮಿನಲ್ ಕೇಸ್ ಹಾಕುವುದಿಲ್ಲ ಅಂದರು. ಅವತ್ತೇ ಫೋಟೋ, ವಿಡಿಯೋ, ಹೇಳಿಕೆ ಎಲ್ಲ ಸಾರ್ವಜನಿಕರಿಗೆ ಸಿಕ್ಕವು. ನನಗೆ ನಿದ್ದೆ ಬಿಡಲು ಅಷ್ಟು ಸಾಕಾಯಿತು. ಹೆಂಡತಿ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಕೂರುತ್ತಿದ್ದೆ. ದಿನಕ್ಕೊಬ್ಬ ಆರೋಪಿ!

ಆ ಬೇಸಿಗೆಯಲ್ಲೇ ಅಪ್ಪ ಅಮ್ಮ ಮೈಸೂರಿನಿಂದ ಬಂದರು.

ಅಪ್ಪನಿಗೆ ಮಂಡಿನೋವು. ಊರಿಂದ ತಂದಿದ್ದ ಡೋಲೊ ಖಾಲಿಯಾಗಿತ್ತು. ನನ್ನ ಹತ್ತಿರ ದವಡೆ ಹಲ್ಲು ಕೀಳಿಸಿದಾಗ ಬರೆದುಕೊಟ್ಟಿದ್ದ ಹೈಡ್ರೋಕೋಡೋನ್ ಮಾತ್ರೆ ಉಳಿದಿದ್ದವು. ಅದು ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯದು. ಗೊತ್ತಿತ್ತು. ಪ್ರಿನ್ಸ್ ಕೇಸ್ ಓದಿ ಓದಿ ನಾನು ಅರ್ಧ ಡಾಕ್ಟರ್ ಆಗಿದ್ದೆನಲ್ಲ. ಆದರೂ ಒಂದು ರಾತ್ರಿ ಊಟ ಆದ ಮೇಲೆ ಎರಡು ಮಾತ್ರೆ ಕೊಟ್ಟೆ. ಬೇರೆ ಏನಾದರೂ ತಗೋತಿದ್ದೀರಾ ಅಂತ ಕೇಳಲಿಲ್ಲ. ಅಪ್ಪನ ಕನ್ನಡಕದ ಡಬ್ಬಿಯಲ್ಲಿ ಅಲ್ಪ್ರಾಜೊಲಾಮ್ ಸ್ಟ್ರಿಪ್ ಇತ್ತು. ಮೆಡಿಕಲ್ ಶಾಪಿನವರನ್ನು ಪರಿಚಯದ ಮೇಲೆ ಕೇಳಿ ತಂದ ನಿದ್ದೆ ಮಾತ್ರೆ. ಅಮ್ಮನಿಗೆ ಗೊತ್ತಿತ್ತು, ನಮಗಿಲ್ಲ. ಇವೆರಡೂ ಸೇರಿದರೆ ಉಸಿರಾಟ ನಿಧಾನವಾಗುತ್ತಾ ನಿಂತೇ ಹೋಗಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಔಷಧಿಯ ಮಾಹಿತಿ ಹಾಳೆಯಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತ್ತು.

ಬೆಳಗಿನ ಜಾವ ಗೊರಕೆ ಕೇಳಿಸಿತು. ಗೊರಕೆ ಅಲ್ಲ ಅದು, ಗಂಟಲಲ್ಲಿ ನೀರು ಕುದಿಯುವ ಸದ್ದು. ತುಟಿ ನೀಲಿಗಟ್ಟಿತ್ತು. ನನ್ನ ಹೆಂಡತಿ ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿದಳು. ಆಂಬುಲೆನ್ಸಿನವನು ಬಂದ, ಕಣ್ಣೆವೆ ಎತ್ತಿ ಟಾರ್ಚ್ ಬಿಟ್ಟ, 'ಇವರು ಏನು ತಗೊಂಡಿದ್ದಾರೆ?' ಅಂತ ನನ್ನನ್ನು ಕೇಳಿದ.

ನಾನು ಮಾಡಿದ ತಪ್ಪು ಇಲ್ಲಿದೆ. ಮಾತ್ರೆ ಕೊಟ್ಟಿದ್ದು ದಡ್ಡತನ, ಒಪ್ಪಿದೆ. ಅದಕ್ಕಿಂತ ದುಬಾರಿಯಾಗಿದ್ದು ನಾನು ಕೊಟ್ಟ ಉತ್ತರ. 'ಮಂಡಿನೋವಿಗೆ ಯಾವಾಗಲೂ ತಗೊಳ್ಳೋ ತಮ್ಮದೇ ಮಾತ್ರೆ' ಅಂದುಬಿಟ್ಟೆ. ಅಷ್ಟೇ ಅಲ್ಲ, ಆಂಬುಲೆನ್ಸ್ ಬರುವ ಮುಂಚೆಯೇ ನನ್ನ ಹೆಸರಿದ್ದ ಬಾಟಲಿಯನ್ನು ಸಾರಿನ ಪುಡಿ ಡಬ್ಬದ ಹಿಂದೆ ತಳ್ಳಿದ್ದೆ. ಯಾಕೆ? ನಾನು ಎಚ್-1ಬಿ ವೀಸಾದಲ್ಲಿದ್ದೆ. ಬೇರೆಯವರಿಗೆ ಈ ಔಷಧಿ ಕೊಡುವುದು ಅಪರಾಧ ಅಂತ ಬಾಟಲಿ ಮೇಲೇ ಅಂಟಿಸಿರುತ್ತಾರೆ. ಪೊಲೀಸ್, ವೀಸಾ, ಗ್ರೀನ್ ಕಾರ್ಡ್, ಎಲ್ಲ ಒಟ್ಟಿಗೆ ತಲೆಗೆ ಬಂತು. ಕೆಟ್ಟ ಉದ್ದೇಶ ಇರಲಿಲ್ಲ. ಸುಮ್ನೆ ಹೆದರಿದೆ.

ಆ ಮನುಷ್ಯ ನನ್ನ ಮಾತು ನಂಬಲಿಲ್ಲ, ಪುಣ್ಯ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು, ಅದೇ ಅವನಿಗೆ ಎಲ್ಲ ಹೇಳಿತ್ತು. ಓಪಿಯಾಯ್ಡ್ ಪರಿಣಾಮ ಇಳಿಸುವ ನಲೋಕ್ಸೋನ್ ಅನ್ನುವ ಔಷಧಿಯನ್ನು ಮೂಗಿಗೆ ಕೊಟ್ಟ. ಅಪ್ಪ ಉಸಿರೆಳೆದರು, ಆದರೆ ಪೂರ್ತಿ ಎಚ್ಚರವಾಗಲಿಲ್ಲ, ಯಾಕೆಂದರೆ ನಲೋಕ್ಸೋನ್ ಓಪಿಯಾಯ್ಡ್ ಮೇಲೆ ಮಾತ್ರ ಕೆಲಸ ಮಾಡುತ್ತದೆ, ನಿದ್ದೆ ಮಾತ್ರೆ ಮೇಲಲ್ಲ. ಅದರ ಪರಿಣಾಮ ಇಳಿದ ಮೇಲೆ ಮತ್ತೆ ಉಸಿರು ಕುಗ್ಗಬಹುದು ಅಂತ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಅಲ್ಲಿ ಹೆಂಡತಿ ಬಾಟಲಿಯನ್ನೇ ತಂದು ಡಾಕ್ಟರ್ ಕೈಗಿಟ್ಟಳು. ಅಪ್ಪ ಉಳಿದರು.

ಬಿಲ್ ಹನ್ನೆರಡು ಸಾವಿರ ಡಾಲರ್ ಹತ್ತಿರ ಬಂತು. ವಿಸಿಟರ್ ಇನ್ಶೂರೆನ್ಸ್ ಮಾಡಿಸಿದ್ದೆವು. ಆದರೆ ಆಸ್ಪತ್ರೆಯ ಮೊದಲ ಹಾಳೆಯಲ್ಲಿ ನನ್ನ ಮಾತು ಕೂತಿತ್ತು: ರೋಗಿ ಮಂಡಿನೋವಿಗೆ ಯಾವಾಗಲೂ ಈ ಔಷಧಿ ತಗೋತಾರೆ. ಅಂದರೆ ಹಳೇ ಕಾಯಿಲೆ. ಹಳೇ ಕಾಯಿಲೆಗೆ ಪಾಲಿಸಿ ಇಲ್ಲ. ಅಪೀಲು ಹಾಕಿದೆ, ಡಾಕ್ಟರ್ ಪತ್ರ ತಂದೆ, ಹೆಂಡತಿ ಹೇಳಿಕೆ ಕೊಟ್ಟಳು. ಪ್ರತಿ ಸಲ ಅದೇ ಸಾಲನ್ನು ಎತ್ತಿ ನನಗೇ ತೋರಿಸಿದರು. ನಂತರ ನಿಜ ಹೇಳಿದ್ದೇನೆ ಅಂದರೆ, ಹಾಗಾದರೆ ಮೊದಲು ಯಾಕೆ ಹೇಳಲಿಲ್ಲ ಅನ್ನುತ್ತಾರೆ. ಅದಕ್ಕೆ ಏನು ಹೇಳ್ತೀರಿ? ಅಪ್ಪ ಟಿಕೆಟ್ ದಿನ ಬದಲಿಸಿ ಮುಂಚೆಯೇ ಊರಿಗೆ ಹೊರಟರು. ಆಮೇಲೆ ಅಮೆರಿಕದ ಮಾತೇ ಎತ್ತಲಿಲ್ಲ.

ಆಮೇಲೆ ಅದೇ ಪ್ರಿನ್ಸ್ ದಾಖಲೆಗಳನ್ನು ತೆಗೆದರೆ ಬೇರೆಯೇ ಏನೋ ಕಾಣಿಸಿತು. ಅಲ್ಲಿ ಮುಚ್ಚಿಟ್ಟಿದ್ದೆಲ್ಲ ಸಾವಿಗೆ ಮುಂಚೆಯೇ ಆಗಿತ್ತು. ಮನೆಯಲ್ಲಿ ಸಿಕ್ಕ ಮಾತ್ರೆಗಳಲ್ಲಿ ಎಷ್ಟೋ ವಿಟಮಿನ್, ಸಾಮಾನ್ಯ ನೋವಿನ ಮಾತ್ರೆಗಳ ಬಾಟಲಿಗಳಲ್ಲಿದ್ದವು. ಕೆಲವಕ್ಕೆ 'ವಾಟ್ಸನ್ 853' ಅಂತ ಅಚ್ಚಿತ್ತು. ಅದು ಅಸಲಿ ಹೈಡ್ರೋಕೋಡೋನ್ ಗುರುತು, ಒಳಗಿದ್ದದ್ದು ಫೆಂಟನಿಲ್. ನಕಲಿ ಅಂತ ಪ್ರಿನ್ಸ್‌ಗೇ ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷಿಯಿಲ್ಲ ಅಂತ ಮೆಟ್ಜ್ ಹೇಳಿದರು. ಸಾಯುವ ಒಂದು ವಾರ ಮುಂಚೆ ಒಬ್ಬ ಡಾಕ್ಟರ್ ಪ್ರಿನ್ಸ್‌ಗೆ ಬೇಕಾದ ಪರ್ಕೊಸೆಟ್ ಅನ್ನುವ ಓಪಿಯಾಯ್ಡ್ ನೋವಿನ ಮಾತ್ರೆಯನ್ನು ಬೇರೆಯವರ ಹೆಸರಿನಲ್ಲಿ ಬರೆದರು ಅನ್ನುವ ಆರೋಪವಿತ್ತು. ತಪ್ಪು ಒಪ್ಪದೆಯೇ ಅವರು 30,000 ಡಾಲರ್ ಕೊಟ್ಟು ಸಿವಿಲ್ ಕೇಸ್ ಮುಗಿಸಿಕೊಂಡರು. ಪ್ರಾಣ ತೆಗೆದದ್ದು ಆ ಮಾತ್ರೆಯಲ್ಲ. ಏಪ್ರಿಲ್ 15ರಂದು ವಿಮಾನದಲ್ಲಿ ಪ್ರಜ್ಞೆ ತಪ್ಪಿ, ಇಲಿನಾಯ್‌ನ ಮೋಲೀನ್‌ನಲ್ಲಿ ತುರ್ತಾಗಿ ಇಳಿಸಿ, ನಲೋಕ್ಸೋನ್ ಕೊಟ್ಟು ಬದುಕಿಸಿದ್ದರು. ಆಸ್ಪತ್ರೆಯಲ್ಲಿ ಪರೀಕ್ಷೆ ಬೇಡ ಅಂದು ಎದ್ದು ಬಂದರು. ಆರು ದಿನ ಅಷ್ಟೇ.

ಕಾನೂನು ಇರಲಿಲ್ಲವಾ? ಇತ್ತು, ಅದೂ ಭಯಂಕರ. ಮಿನ್ನೆಸೋಟಾದಲ್ಲಿ ಇಂಥ ಮಾದಕ ಔಷಧಿಯನ್ನು ಅಕ್ರಮವಾಗಿ ಮಾರಿ, ಅಥವಾ ಪುಕ್ಕಟೆ ಕೊಟ್ಟು, ಅದರಿಂದ ಯಾರಾದರೂ ಸತ್ತರೆ ಮೂರನೇ ದರ್ಜೆಯ ಕೊಲೆ. 25 ವರ್ಷದವರೆಗೆ ಜೈಲು. ಕೊಲ್ಲುವ ಉದ್ದೇಶ ಬೇಕಿಲ್ಲ. ಅಪ್ಪ ಹೋಗಿದ್ದರೆ ಆ ಸೆಕ್ಷನ್ ನನ್ನ ಮೇಲೂ ಹಾಕಬಹುದಿತ್ತು. ಆದರೆ ಆ ಮಾತ್ರೆ ಯಾರ ಕೈಯಿಂದ ಬಂತು ಅಂತ ತೋರಿಸಬೇಕಲ್ಲ? ಪ್ರಿನ್ಸ್ ಮೊಬೈಲ್ ಇಟ್ಟುಕೊಳ್ಳುತ್ತಿರಲಿಲ್ಲ. ಮೆಸೇಜ್ ಇಲ್ಲ, ಕಾಲ್ ಲಿಸ್ಟ್ ಇಲ್ಲ.

ಸೆಲೆಬ್ರಿಟಿ ಕೇಸ್ ಅಂದರೆ ಮುಚ್ಚಿಹಾಕೇ ಹಾಕ್ತಾರೆ ಅನ್ನುವವರು 2023ರಲ್ಲಿ ಕೆಟಮೀನ್ ಅನ್ನುವ ಅರಿವಳಿಕೆ ಔಷಧಿಯಿಂದ ಸತ್ತ ನಟ ಮ್ಯಾಥ್ಯೂ ಪೆರಿ ಕೇಸ್ ನೋಡಿ. ಅಲ್ಲಿ ಐದು ಜನರ ಮೇಲೆ ಕೇಸ್ ಬಿತ್ತು, ಅವರಲ್ಲಿ ಇಬ್ಬರು ಡಾಕ್ಟರುಗಳು. ಐವರೂ ತಪ್ಪೊಪ್ಪಿಕೊಂಡರು. ಯಾಕೆಂದರೆ ಅವರ ಮೆಸೇಜುಗಳು ಸಿಕ್ಕವು. 'ಈ ಪೆದ್ದ ಎಷ್ಟು ಕೊಡ್ತಾನೋ' ಅನ್ನುವ ಅರ್ಥದಲ್ಲಿ ಒಬ್ಬ ಡಾಕ್ಟರ್ ಇನ್ನೊಬ್ಬರಿಗೆ ಕಳಿಸಿದ್ದೂ ಅದರಲ್ಲಿತ್ತು.

ಹಾಗಾಗಿ ಕೊಲೆಗಾರನನ್ನು ಹುಡುಕುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಕೊಲೆ ಸಂಚಿಗೆ ಸಾಕ್ಷಿ ಸಿಕ್ಕಿಲ್ಲ ಅಂತ ಮೆಟ್ಜ್ ಸ್ಪಷ್ಟವಾಗಿ ಹೇಳಿದ್ದಾರೆ. ನಿಮಗೆ ಓದಲೇಬೇಕು ಅನ್ನಿಸಿದರೆ ಅವರ ಹೇಳಿಕೆ ಓದಿ, ಸಾಕು. ಮನೆಯೊಳಗಿನ ವಿಡಿಯೋಗಳನ್ನು ಬಿಡಿ. ಅದರಲ್ಲಿ ಸುಳಿವೇನೂ ಇಲ್ಲ, ಒಬ್ಬ ಸತ್ತ ಮನುಷ್ಯನ ಖಾಸಗಿ ಬದುಕು ಇದೆ ಅಷ್ಟೇ.

ನಿಮ್ಮ ಅಪ್ಪ ಅಮ್ಮನೂ ಮುಂದಿನ ತಿಂಗಳು ಬರ್ತಿದ್ದಾರೆ ಅಂತ ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಲ್ಲ, ಅವರ ಬ್ಯಾಗಿನ ಸ್ಟ್ರಿಪ್‌ಗಳನ್ನೆಲ್ಲ ಒಮ್ಮೆ ಟೇಬಲ್ ಮೇಲೆ ಹರಡಿಸಿ ಫೋಟೋ ತೆಗೆದುಕೊಳ್ಳಿ. ಕನ್ನಡಕದ ಡಬ್ಬಿಯನ್ನೂ ಬಿಡಬೇಡಿ. ನಲೋಕ್ಸೋನ್ ಸ್ಪ್ರೇ 2023ರಿಂದ ಅಮೆರಿಕದಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಒಂದು ತಂದಿಡಿ. ಮತ್ತೆ, ಇಂಥ ಹೊತ್ತಿನಲ್ಲಿ 911ಕ್ಕೆ ಕರೆ ಮಾಡಿ ಸಹಕರಿಸಿದವರ ಮೇಲೆ ಮಾದಕ ಔಷಧಿ ಇಟ್ಟುಕೊಂಡ, ಹಂಚಿಕೊಂಡ ಕೇಸ್ ಹಾಕದಂತೆ ಮಿನ್ನೆಸೋಟಾದಲ್ಲಿ 2014ರಿಂದಲೇ ಕಾನೂನು ಇದೆ. ಬಾಟಲಿಯನ್ನು ಬಚ್ಚಿಡುವಾಗ ನನಗೆ ಅದು ಗೊತ್ತಿರಲಿಲ್ಲ. ನೀವಿರುವ ರಾಜ್ಯದಲ್ಲಿ ಅಂಥ ಕಾನೂನು ಏನು ಹೇಳುತ್ತದೆ ಅಂತ ಇವತ್ತೇ ಹುಡುಕಿ ನೋಡಿಕೊಳ್ಳಿ.