ಓದುಗರು ಕೇಳಿದ್ದು: ಮೂರು ಗಾಜಿನ ಹಿಂದಿನ ಬಣ್ಣ

ಪ್ರಶ್ನೆ: 1907ರಲ್ಲಿ ಆಟೋಕ್ರೋಮ್ ಪ್ಲೇಟು (ಬಣ್ಣದ ಚಿತ್ರ ಮೂಡುವ ಗಾಜಿನ ಫಲಕ) ಮಾರುಕಟ್ಟೆಗೆ ಬರುವ ಮೊದಲೇ ಒಬ್ಬ ಹವ್ಯಾಸಿ ಮಹಿಳೆ ಚಂದದ ಕಲರ್ ಫೋಟೋ ತೆಗೆದಿದ್ದರು ಎಂದು ಹಿಂದೊಮ್ಮೆ ಬರೆದಿದ್ದಿರಿ. ಯಾರವರು? ಆಗ ಬಣ್ಣ ಹೇಗೆ ಬರುತ್ತಿತ್ತು?

ಉತ್ತರ: ಸಾರಾ ಏಂಜಲೀನಾ ಆಕ್ಲಂಡ್. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನವರು, ಹುಟ್ಟಿದ್ದು 1849ರಲ್ಲಿ. ಅಪ್ಪ ಹೆನ್ರಿ ಆಕ್ಲಂಡ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರೊಫೆಸರ್. ಮಗಳು ಹೊಟ್ಟೆಪಾಡಿಗಾಗಿ ಕ್ಯಾಮೆರಾ ಹಿಡಿದವರಲ್ಲ. ಬಣ್ಣದ ಪ್ರಯೋಗಕ್ಕೆ ಕೈ ಹಾಕಿದ್ದು 1899ರಲ್ಲಿ, ಅಂದರೆ ಐವತ್ತರ ಹೊತ್ತಿಗೆ. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಅಲ್ಲೇ.

ಅವರು ಹಿಡಿದದ್ದು ಸ್ಯಾಂಗರ್ ಶೆಫರ್ಡ್ ವಿಧಾನ. ಒಂದೇ ದೃಶ್ಯವನ್ನು ಮೂರು ಸಲ ತೆಗೆಯಬೇಕು. ಒಮ್ಮೆ ಕೆಂಪು ಗಾಜಿನ ಮೂಲಕ, ಒಮ್ಮೆ ಹಸಿರು, ಒಮ್ಮೆ ನೀಲಿ. ಬರುವ ಮೂರೂ ನೆಗೆಟಿವ್ ಬರೀ ಕಪ್ಪು ಬಿಳುಪು. ಅವುಗಳಿಂದ ನೀಲಿ-ಹಸಿರು, ಗುಲಾಬಿ, ಹಳದಿ ಬಣ್ಣದ ಮೂರು ಪಾರದರ್ಶಕ ಚಿತ್ರ ಮಾಡಿ, ಒಂದರ ಮೇಲೊಂದು ಕೂದಲೆಳೆಯಷ್ಟೂ ಜರುಗದ ಹಾಗೆ ಕೂರಿಸಬೇಕು. ಆಗ ಮಾತ್ರ ನಿಜವಾದ ಬಣ್ಣ ಎದ್ದು ಬರುತ್ತದೆ.

ಇದರ ಕಷ್ಟ ಓದಿದರೆ ತಿಳಿಯುವುದಿಲ್ಲ. ನಾನೂ ಒಮ್ಮೆ ಮೂರು ಫಿಲ್ಟರ್ ಇಟ್ಟುಕೊಂಡು ಗುಲಾಬಿ ಹೂವೊಂದನ್ನು ತೆಗೆದು ನೋಡಿದ್ದೇನೆ. ಎರಡನೇ ಸಲ ಗುಂಡಿ ಒತ್ತುವಾಗ ಸಣ್ಣಗೆ ಗಾಳಿ ಬೀಸಿತು. ಮೂರನ್ನೂ ಕೂಡಿಸಿದೆ. ಕಾಂಡ ಸರಿಯಾಗಿತ್ತು, ಆದರೆ ಮೇಲಿನ ಎಸಳಿನ ಒಂದು ಅಂಚಿಗೆ ಹಸಿರು ಗೆರೆ, ಇನ್ನೊಂದು ಅಂಚಿಗೆ ನೇರಳೆ ಗೆರೆ! ಗಾಳಿ ಬಂದು ಹೋದದ್ದು ಚಿತ್ರದಲ್ಲಿ ಹಾಗೇ ಉಳಿದುಬಿಟ್ಟಿತ್ತು.

ಅಂಥದ್ದರಲ್ಲಿ ಈಕೆ 1903ರಲ್ಲಿ ಸ್ಪೇನಿನ ದಕ್ಷಿಣಕ್ಕಿರುವ ಜಿಬ್ರಾಲ್ಟರ್‌ಗೆ ಹೋದರು. ನೌಕಾಪಡೆಯಲ್ಲಿ ಅಡ್ಮಿರಲ್ ಆಗಿದ್ದ ಅಣ್ಣನ ಮನೆ ಅಲ್ಲಿತ್ತು. ಆ ಮನೆಯ ತೋಟದ ಗಿಡ ಹೂಗಳನ್ನು ತೆಗೆದರು. ಅಲ್ಲಿನ ದಕ್ಷಿಣದ ತುದಿಯಾದ ಯೂರೋಪಾ ಪಾಯಿಂಟ್‌ನಲ್ಲಿ ನಿಂತು ಆಫ್ರಿಕಾದ ಕಡೆಗೆ ಕ್ಯಾಮೆರಾ ತಿರುಗಿಸಿದರು. ಗಾಳಿ, ಅಲೆ, ಮೋಡ ಯಾವುದೂ ಮೂರು ಸಲ ತೆಗೆಯುವ ತನಕ ಸುಮ್ನೆ ನಿಲ್ಲುವುದಿಲ್ಲ, ಅಲ್ವಾ? ಆದರೂ ಮರುವರ್ಷ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಪ್ರದರ್ಶನಕ್ಕೆ ಮೂರು ಬಣ್ಣದ ಇಂಥ 33 ಚಿತ್ರಗಳನ್ನು ಇಟ್ಟರು.

ಆಟೋಕ್ರೋಮ್ ಬಂದ ಮೇಲೆ ಅದನ್ನೂ ಕಲಿತರು. ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣಗಳನ್ನು ಗಾಜಿನ ಮೇಲೆ ಹರಡಿದ ಆ ಪ್ಲೇಟಿಗೆ ಒಂದೇ ಸಲ ತೆಗೆದರೆ ಸಾಕಿತ್ತು. ಮಡೀರಾ ದ್ವೀಪದಲ್ಲಿ ಹೀಗೆ ಬಹಳ ಚಿತ್ರ ತೆಗೆದಿದ್ದಾರೆ. ತೀರಿಕೊಂಡದ್ದು 1930ರಲ್ಲಿ.

ಕಲರ್ ಫೋಟೋ ಕಥೆಯನ್ನು ನಾವು 1907ರಿಂದಲೇ ಶುರು ಮಾಡುತ್ತೇವೆ. ಅದಕ್ಕೇ ಇವರ ಹೆಸರು ತಪ್ಪಿಹೋಗುತ್ತದೆ ಎಂದು ನನಗನಿಸುತ್ತದೆ. 2012ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬಾಡ್ಲಿಯನ್ ಲೈಬ್ರರಿ ಇವರ ಚಿತ್ರಗಳ ಮೇಲೆ ಒಂದು ಪುಸ್ತಕ ತಂದಿತು. ಮೂಲ ಚಿತ್ರಗಳು ಆಕ್ಸ್‌ಫರ್ಡ್‌ನ ವಿಜ್ಞಾನ ಇತಿಹಾಸ ಮ್ಯೂಸಿಯಂ ಮತ್ತು ಅದೇ ಲೈಬ್ರರಿಯಲ್ಲಿವೆ. ನೋಡಲು ಸಿಕ್ಕರೆ ಮೊದಲು ಎಲೆಗಳ ಅಂಚನ್ನು, ನೀರಿನ ಅಂಚನ್ನು ನೋಡಿ.