ಒಂದೇ ಬಲಿ ಸಾಕಾಗಿದ್ದರೆ ಉಪವಾಸ ಏಕೆ?

ಪ್ರಶ್ನೆ: ನನ್ನ ತಾಯಿಗೆ 63 ವರ್ಷ. ಕಾರವಾರದ ಪೇಟೆಯಲ್ಲಿ ಮೀನು ಮಾರುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಬುಟ್ಟಿ ತುಂಬ ಬಂಗಡೆ, ಶೆಟ್ಲಿ ಇದ್ದರೂ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಶುಕ್ರವಾರ ಒಂದೇ ಹೊತ್ತು ಗಂಜಿ ಉಣ್ಣುತ್ತಾರೆ. ಹೀಗೆ ಉಳಿದ ಹಣ ತೆಗೆದಿಟ್ಟು, ಜೂನ್-ಜುಲೈಯಲ್ಲಿ ಮೀನುಗಾರಿಕೆ ನಿಷೇಧದಿಂದ ಟ್ರಾಲರ್‌ಗಳು ಬೈತಖೋಲ ಬಂದರಿನಲ್ಲಿ ನಿಂತಾಗ, ಕೆಲಸವಿಲ್ಲದ ನೆರೆಮನೆಗೆ ಅಕ್ಕಿ ತರಿಸಿಕೊಡುತ್ತಾರೆ. ಬೇರೆ ಸಭೆಗೆ ಹೋಗುವ ನಮ್ಮ ಸಂಬಂಧಿಕರೊಬ್ಬರು, "ಕ್ರಿಸ್ತ ಒಮ್ಮೆಗೇ ಬಲಿಯಾದ, ನಂಬಿದರೆ ಸಾಕು, ನಿನ್ನ ಉಪವಾಸವೆಲ್ಲ ದಂಡ" ಎಂದ ಮೇಲೆ ಅಮ್ಮ ಮಂಕಾಗಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ಏನು ಹೇಳಲಿ?
— ಓದುಗರೊಬ್ಬರು, ಕಾರವಾರ

ಉತ್ತರ: ನಿಮ್ಮ ಸಂಬಂಧಿಕರ ಮೊದಲ ಮಾತು ಸತ್ಯ, ಅದನ್ನು ಅಲ್ಲಗಳೆಯಲು ಹೋಗಬೇಡಿ. ಹಿಬ್ರಿಯರಿಗೆ ಬರೆದ ಪತ್ರದ 10ನೆಯ ಅಧ್ಯಾಯ ಹೇಳುವಂತೆ, ಹಳೆಯ ಒಡಂಬಡಿಕೆಯ ಯಾಜಕ ದಿನದಿನವೂ ನಿಂತುಕೊಂಡು ಅವೇ ಬಲಿಗಳನ್ನು ಮತ್ತೆ ಮತ್ತೆ ಅರ್ಪಿಸುತ್ತಿದ್ದ, ಅವನ ಕೆಲಸ ಮುಗಿಯುತ್ತಲೇ ಇರಲಿಲ್ಲ; ಕ್ರಿಸ್ತನಾದರೋ ಪಾಪಗಳಿಗಾಗಿ ಒಂದೇ ಬಲಿಯನ್ನು ಅರ್ಪಿಸಿ ದೇವರ ಬಲಗಡೆಯಲ್ಲಿ ಕುಳಿತುಕೊಂಡನು. ಆ ಬಲಿಗೆ ಯಾರೂ ಏನನ್ನೂ ಕೂಡಿಸಬೇಕಾಗಿಲ್ಲ. ಇಗರ್ಜಿಯಲ್ಲಿ ನಡೆಯುವ ಬಲಿಪೂಜೆ ಕೂಡ ಮತ್ತೊಂದು ಬಲಿಯಲ್ಲ, ಕ್ರಿಸ್ತ ಶಿಲುಬೆಗೇರಿದ ಕಲ್ವಾರಿ ಬೆಟ್ಟದ ಅದೇ ಬಲಿ ಅಲ್ಲಿ ನಮ್ಮ ನಡುವೆ ಸನ್ನಿಹಿತವಾಗುತ್ತದೆ ಎಂಬುದೇ ಕಥೋಲಿಕ ಬೋಧನೆ. ರಕ್ಷಣೆ ನಮ್ಮ ಪುಣ್ಯದ ಸಂಪಾದನೆಯಲ್ಲ, ದೇವರ ಕೃಪೆ ಎಂಬುದನ್ನು ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ 1547ರಲ್ಲೇ ಹೇಳಿತ್ತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ, ಮಾರ್ಟಿನ್ ಲೂಥರರ ಪರಂಪರೆಯ ಲುಥೆರನ್ನರೂ ಅದನ್ನೇ ಒಟ್ಟಾಗಿ ಸಾರಿ ಸಹಿ ಹಾಕಿದರು.

ನಿಮ್ಮ ಸಂಬಂಧಿಕರು ಎಡವಿದ್ದು, ಉಪವಾಸವೆಲ್ಲ ದಂಡ ಎಂಬ ಎರಡನೆಯ ಮಾತಿನಲ್ಲಿ. ನಂಬಿಕೆಯ ತಂದೆ ಎನಿಸಿದ ಅಬ್ರಹಾಮನನ್ನೇ ನೋಡಿ. ಅವನು ದೇವರನ್ನು ನಂಬಿದ, ಅದನ್ನೇ ದೇವರು ನೀತಿಯೆಂದು ಎಣಿಸಿದರು ಎಂಬ ಮಾತು ಆದಿಕಾಂಡದ 15ನೆಯ ಅಧ್ಯಾಯದಲ್ಲಿದೆ. ಆಗ ಅವನ ಮಗ ಇಸಾಕ ಹುಟ್ಟಿಯೇ ಇರಲಿಲ್ಲ. ದೇವರು ಹೇಳಿದಂತೆ ಬಲಿಕೊಡಲು ಆ ಮಗನನ್ನು ಕರೆದುಕೊಂಡು ಮೊರೀಯ ಬೆಟ್ಟಕ್ಕೆ ಹೊರಟದ್ದು 22ನೆಯ ಅಧ್ಯಾಯದಲ್ಲಿ, ಎಷ್ಟೋ ವರ್ಷಗಳ ನಂತರ. ಸಂತ ಪೌಲರು ಮೊದಲನೆಯದನ್ನು ಎತ್ತಿ ಹೇಳಿದರೆ, ಹೊಸ ಒಡಂಬಡಿಕೆಯ ಪತ್ರವೊಂದರಲ್ಲಿ ಯಕೋಬರು ಎರಡನೆಯದನ್ನೂ ಜೊತೆಗಿಟ್ಟು, ಆ ನಂಬಿಕೆ ಕ್ರಿಯೆಯಲ್ಲಿ ಪೂರ್ಣಗೊಂಡಿತು ಎನ್ನುತ್ತಾರೆ. ದೇವರ ಒಲುಮೆಯನ್ನು ಕೊಳ್ಳಲು ಅಬ್ರಹಾಮ ಬೆಟ್ಟ ಹತ್ತಲಿಲ್ಲ. ಒಲಿದ ದೇವರನ್ನು ನಂಬಿದ್ದರಿಂದ ಹತ್ತಿದ. ಇಷ್ಟಾಗಿಯೂ ಅಲ್ಲಿ ಬಲಿಯಾದದ್ದು ಅವನು ತಂದ ಮಗನಲ್ಲ, ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ, ದೇವರೇ ಒದಗಿಸಿದ ಟಗರು. ನನ್ನ ಮಟ್ಟಿಗೆ, ಕ್ರಿಸ್ತ ಶಿಲುಬೆಯಲ್ಲಿ ಬಲಿಯಾದ ಶುಭ ಶುಕ್ರವಾರವನ್ನು ಅರಿಯಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ಆದ್ದರಿಂದ ನಿಮ್ಮ ತಾಯಿಯವರನ್ನು ಒಂದೇ ಒಂದು ಮಾತು ಕೇಳಿ: ಇಷ್ಟು ಬಿಟ್ಟಿದ್ದೇನೆ, ಇಷ್ಟು ಕೊಡು ಎಂದು ಅವರು ದೇವರ ಮುಂದೆ ಎಂದಾದರೂ ಲೆಕ್ಕ ಇಟ್ಟದ್ದುಂಟೇ? ಇಟ್ಟಿರಲಾರರು ಎಂದೇ ನಿಮ್ಮ ಪತ್ರ ಓದಿ ನನಗನಿಸುತ್ತದೆ. ಹಸಿದವನೊಡನೆ ನಿನ್ನ ಅನ್ನವನ್ನು ಹಂಚಿಕೊಳ್ಳುವುದೇ ನಾನು ಮೆಚ್ಚುವ ಉಪವಾಸವೆಂದು ದೇವರು ಯೆಶಾಯನ ಗ್ರಂಥದ 58ನೆಯ ಅಧ್ಯಾಯದಲ್ಲಿ ನುಡಿಯುತ್ತಾರೆ. ಮೀನಿಗೆ ಖರ್ಚಾಗಬೇಕಿದ್ದ ಹಣ ಮಳೆಗಾಲದಲ್ಲಿ ನೆರೆಮನೆಯ ಅಕ್ಕಿಯಾಗುವಾಗ ಆ ವಾಕ್ಯ ಅಕ್ಷರಶಃ ನಡೆಯುತ್ತಿದೆ. ಅದನ್ನು ದಂಡ ಎನ್ನುವವರು ಆ ಅಧ್ಯಾಯವನ್ನು ಒಮ್ಮೆ ಪೂರ್ತಿ ಓದಲಿ.

ಇನ್ನು ಸಕ್ಕರೆ ಕಾಯಿಲೆಯ ವಿಚಾರ. ಧರ್ಮಸಭೆಯ ನಿಯಮದ ಪ್ರಕಾರ ಉಪವಾಸ ಕಡ್ಡಾಯವಾಗಿರುವುದು ತಪಸ್ಸು ಕಾಲ ಆರಂಭವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದಂದು ಮಾತ್ರ, ಅದೂ 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರಿಗೆ. ನಿಮ್ಮ ತಾಯಿಯವರಿಗೆ ಆ ಕಟ್ಟು ಇಲ್ಲ. ಹೊತ್ತು ಹೊತ್ತಿಗೆ ಊಟ, ಮಾತ್ರೆ ತಪ್ಪದಂತೆ ನೋಡಿಕೊಳ್ಳಿ. ಒಪ್ಪತ್ತಿನ ಗಂಜಿಯನ್ನು ವೈದ್ಯರನ್ನು ಕೇಳದೆ ಮುಂದುವರಿಸಬಾರದು. ಮೀನು ಬಿಡುವುದನ್ನೂ ಅಕ್ಕಿ ಕೊಡುವುದನ್ನೂ ಅವರು ನಿಶ್ಚಿಂತೆಯಿಂದ ನಡೆಸಿಕೊಂಡು ಹೋಗಲಿ.